ಎತ್ತಿದ ಕೈಗಳ ಲೆಕ್ಕ

ಮೂವತ್ತೊಂದು ವರ್ಷದ ಮೇಲೆ
ತಗಡಿನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು
ನೀಲಿ ರಟ್ಟಿನ ನೋಟುಬುಕ್ಕು.
ಅಂಚನ್ನೆಲ್ಲ ಗೆದ್ದಲು ಓದಿ ಮುಗಿಸಿದೆ.
ಒಳಗೆ ನನ್ನದೇ ಅಕ್ಷರ: ಊರು, ತಾರೀಖು,
ಅದರ ಮುಂದೊಂದು ಅಂಕಿ.

ನನ್ನ ಕೆಲಸ ಇಷ್ಟೇ ಇತ್ತು.
ಪಾದ್ರಿ ಗಿಡುಡು ಲಾರಿಯ ಹಿಂಬದಿಗೆ ಹತ್ತಿ ನಿಂತು
ಕುತ್ತಿಗೆಯ ನರ ಉಬ್ಬುವಂತೆ ಬೋಧಿಸುತ್ತಿದ್ದ,
ನಮೋನೊ ಅಕಾರ್ಡಿಯನ್ ಹಿಗ್ಗಿಸಿ ಕುಗ್ಗಿಸುತ್ತಿದ್ದಳು,
ಕೊನೆಗೆ, "ಯೇಸು ಬೇಕೆನ್ನುವವರು ಕೈ ಎತ್ತಿ" ಎಂದಾಗ
ಎಣಿಸುವವನು ನಾನು.
ಹತ್ತೊಂಬತ್ತರ ಹುಡುಗ. ಲೆಕ್ಕದಲ್ಲಿ ಚುರುಕೆಂದು
ಎಂಬಾಲೆಯ ಸಭೆಯವರು ಆರಿಸಿ ಕಳಿಸಿದ್ದರು.

ಕಿಗೋಮ, ೧೧೨.
ಎಂಪುಲುಂಗು, ೬೪.
ಕರೋಂಗ, ೩೦೭. ಅಡಿಯಲ್ಲಿ ಎರಡು ಗೆರೆ.
ಆ ಗೆರೆ ಎಳೆದ ಸಂಜೆಯ ಜಂಬ ಇನ್ನೂ ನೆನಪಿದೆ.
ಒಂದು ಮುಖವೂ ನೆನಪಿಲ್ಲ.
ಕೈ ಎಣಿಸುವವನು ಮೊಣಕೈಯಿಂದ ಕೆಳಗೆ ನೋಡುವುದಿಲ್ಲ.

ಬುಕ್ಕಿನಲ್ಲಿ ಬರೆಯದೆ ಬಿಟ್ಟದ್ದೇ ಈಗ ಕಣ್ಣಿಗೆ ಕಟ್ಟುತ್ತದೆ.
ತಂಗನ್ಯಿಕ ಸರೋವರದ ಮೇಲೆ ಮೂರು ರಾತ್ರಿ,
ಹಡಗಿನ ಅಟ್ಟದಲ್ಲಿ ಒಣಮೀನಿನ ಮೂಟೆಗೆ ತಲೆಯಿಟ್ಟು
ಪಾದ್ರಿ ನಿದ್ದೆಯಲ್ಲಿ ಅವ್ವನನ್ನು ಕರೆದದ್ದು.
ಕರೋಂಗದಲ್ಲಿ, ಸಭೆ ಮುಗಿದ ಮಾರನೆಯ ಬೆಳಗ್ಗೆ,
ಮ್ವಕಸುಂಗುಲ ಎಂಬಾತ ಬಂದು ಕೇಳಿದ್ದು:
"ನಾನು ಎರಡೂ ಕೈ ಎತ್ತಿದ್ದೆ, ಹೆಂಡತಿಯದೂ ಸೇರಿಸಿ.
ಕಂಬಳಿ ಯಾವಾಗ ಕೊಡುತ್ತೀರಿ?"
ಹಿಂದಿನ ವಾರ ಬಂದ ಯಾವುದೋ ಲಾರಿ ಕಂಬಳಿ ಹಂಚಿತ್ತಂತೆ.
ಅದೂ ಹಸಿರು, ನಮ್ಮದೂ ಹಸಿರು.
ಪಾದ್ರಿಗೆ ಹೇಳಲಿಲ್ಲ ನಾನು.
ಅಂಕಿಯ ಮೇಲೆ ಗೀಟು ಹಾಕಲೂ ಇಲ್ಲ.

ಅದಕ್ಕೂ ಮುಂಚೆ, ನಕೊಂಡೆಯ ದಾರಿಯಲ್ಲಿ ಲಾರಿ ಕೈಕೊಟ್ಟಿತ್ತು.
ಆ ಊರಿಗೆ ಬುಕ್ಕಿನಲ್ಲಿ ಸಾಲೇ ಇಲ್ಲ, ಸಭೆ ನಡೆಯಲಿಲ್ಲವಲ್ಲ.
ಡ್ರೈವರ್ ವೊಪಾಟ ಒಂಬತ್ತು ದಿನ
ಗೇರುಪೆಟ್ಟಿಗೆಯ ಕರುಳು ಬಗೆದು ಕೂತ.
ನಚಿಲಿಮ ಎಂಬ ಮುದುಕಿ ನಮ್ಮ ನಾಲ್ವರನ್ನೂ
ಅಂಗಳದ ಕೋಳಿಗಳಂತೆ ಒಳಕ್ಕೆ ಅಟ್ಟಿಕೊಂಡಳು.
ಪಾದ್ರಿ ಬೈಬಲ್ ಬಿಚ್ಚಿದರೆ,
"ನಿನ್ನ ದೇವರು ಎಲ್ಲಿಗೂ ಓಡಿಹೋಗುವುದಿಲ್ಲ, ಅಂಬಲಿ ಆರುತ್ತದೆ."
ನಮ್ಮೂರಿನದೇ ರಾಗಿ. ನಮ್ಮೂರಿನದಲ್ಲದ ರುಚಿ.

ಐದನೆಯ ರಾತ್ರಿ ನಮೋನೊಗೆ ಚಳಿಜ್ವರ ಏರಿತು.
ಹಲ್ಲು ಕಟಕಟ ಕಡಿದು ಆಕೆ ಯಾರನ್ನೋ ಬೈಯುತ್ತಿದ್ದಳು.
ತಲೆಯ ಬಳಿ ಪಾದ್ರಿ ಮೊಣಕಾಲೂರಿದ.
ಕಾಲ ಬಳಿ ಮುದುಕಿ ಎಲೆ ಅರೆದು ಹಚ್ಚುತ್ತ
ತನ್ನ ಸತ್ತವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದಳು.
ಎರಡು ಪ್ರಾರ್ಥನೆ, ನಡುವೆ ಒಂದೇ ಮೈ.
ಪಾದ್ರಿ ಈಗ ಗದರುತ್ತಾನೆಂದು ಕಾದೆ.
ಅವನು ದನಿ ತಗ್ಗಿಸಿದ.
ಅವಳಿಗೆ ಜಾಗ ಬೇಕೇನೋ ಎಂಬಂತೆ
ಸ್ವಲ್ಪ ಸರಿದು ಕೂತ.

ಕೋಳಿ ಕೂಗುವ ಹೊತ್ತಿಗೆ ಬೆವರು ಒಡೆದು ಜ್ವರ ಇಳಿಯಿತು.
ಯಾರ ಕೈಗುಣ ಎಂದು ಯಾರೂ ಕೇಳಲಿಲ್ಲ.
ಪಾದ್ರಿ ಹೊರಗೆ ಹೋಗಿ
ಮುದುಕಿಯ ಪಾತ್ರೆ ತೊಳೆಯುತ್ತ ಬಹಳ ಹೊತ್ತು ಇದ್ದ.

ಲಿಚಿಂಗದಿಂದ ಹಿಂತಿರುಗುವಾಗ
ಆ ಊರು ಹುಡುಕಿದೆವು. ಮಳೆ ಬಿದ್ದು ದಾರಿ ಬದಲಾಗಿತ್ತು.

ಹೋದ ವರ್ಷ ಪಾದ್ರಿ ಹಾಸಿಗೆ ಹಿಡಿದ. ನೋಡಲು ಹೋದೆ.
ಒಟ್ಟು ಎಷ್ಟಾಯಿತು ಎಂದು ಕೇಳುತ್ತಾನೆ ಅಂದುಕೊಂಡು
ಎರಡು ಸಾವಿರದ ಎಂಟುನೂರ ನಲವತ್ತಾರು ಎಂದು
ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.
ಅವನು ಕೇಳಿದ್ದು ಬೇರೆ.
"ಆ ಮುದುಕಿಯನ್ನು ಸೇರಿಸಿದ್ದೆಯಾ?"

ಅವಳು ಕೈ ಎತ್ತಲೇ ಇಲ್ಲ, ಅಯ್ಯ.
ಯಾವಾಗ ನೋಡಿದರೂ ಅವಳ ಕೈಯಲ್ಲಿ ಏನಾದರೂ ಇರುತ್ತಿತ್ತು:
ಸೌಟು, ಸೌದೆ, ಯಾರದೋ ಹಣೆ.
ಹೀಗೆ ಹೇಳಬೇಕಿತ್ತು. ಹೇಳಿದ್ದು, "ಹೂಂ, ಸೇರಿಸಿದ್ದೆ."
ಜೀವಮಾನವಿಡೀ ಲೆಕ್ಕ ಕಲಿಸಿದ ಮೇಷ್ಟ್ರು
ಹೇಳಿದ ಒಂದು ತಪ್ಪು ಲೆಕ್ಕ.
ಅವನು ಕಣ್ಣು ಮುಚ್ಚಿಕೊಂಡ, ನಂಬಿದನೋ ಇಲ್ಲವೋ.

ಈಗಲೂ ನಾನು ಭಾನುವಾರ ತಪ್ಪಿಸುವವನಲ್ಲ.
ಇವತ್ತು ಶನಿವಾರ.
ಬುಕ್ಕನ್ನು ಅಂಗಳದ ಬಿಸಿಲಿಗೆ ಹರವಿದ್ದೇನೆ.
ಹಾಳೆಗಳ ನಡುವಿನಿಂದ ಗೆದ್ದಲು ಹೊರಬರುತ್ತಿವೆ,
ಒಂದು, ಇನ್ನೊಂದು.
ಅಭ್ಯಾಸ ನೋಡಿ,
ಎಣಿಸುತ್ತ ಕೂತಿದ್ದೇನೆ.