ಒಂಬತ್ತನೆಯ ಪಟ್ಟಿ

ಲಿಯೆಪಾಯಾದ ಗಾಳಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ,
ನನಗಿಂತ ಮೊದಲೇ ಒಳಗೆ ಹೋಗಿತ್ತು.
ಮಡಿಚುವ ಮೇಜು, ಕುಂಚ, ಅಂಟಿನ ಬಕೆಟ್ಟು ಹೊತ್ತು
ನಾನು ವೆಲ್ತಾಳ ಮಹಡಿ ಹತ್ತುವಷ್ಟರಲ್ಲಿ
ಜಗಳ ಹದಕ್ಕೆ ಬಂದಿತ್ತು.

ಮೇಜಿನ ಮೇಲೆ ಮೂರು ಸುರುಳಿ.
ಅಂಗಡಿ ಮುಚ್ಚುವವನು ಅರ್ಧ ಬೆಲೆಗೆ ಕೊಟ್ಟದ್ದು;
ನಾಲ್ಕನೆಯದು ಲೋಕದಲ್ಲೆಲ್ಲೂ ಇಲ್ಲ.
ಕಡುಹಸಿರು ನೀರು, ಜೊಂಡು,
ಜೊಂಡಿನ ನಡುವೆ ಒಂಟಿಕಾಲ ಬೂದು ಕೊಕ್ಕರೆಗಳು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ,
ಕಾಗದ ಇದ್ದಷ್ಟೇ ಗೋಡೆ, ಅಂದೆ.

ಯಾವ ಗೋಡೆ?

ನಡುಮನೆಯ ದೊಡ್ಡ ಗೋಡೆ, ಎಂದ ಇಮಾಂತ್ಸ್,
ಬಂದವರ ಕಣ್ಣಿಗೆ ಮೊದಲು ಬೀಳಬೇಕು.
ಯಾರು ಬರುತ್ತಾರೆ, ಎಂದಳು ವೆಲ್ತಾ,
ನಿನ್ನ ತಮ್ಮ ಬರುತ್ತಾನೆ, ಟಿವಿ ನೋಡುತ್ತಾನೆ, ಹೋಗುತ್ತಾನೆ.
ಅಲ್ಲದೆ ಆ ಗೋಡೆಗೆ ಪಡುವಣ ಬಿಸಿಲು.
ಬೇಸಿಗೆಯಲ್ಲಿ ಇಲ್ಲಿ ಸೂರ್ಯ ರಾತ್ರಿ ಹತ್ತಾದರೂ ಮಲಗುವುದಿಲ್ಲ,
ಮೂರು ವರ್ಷಕ್ಕೆ ಜೊಂಡೆಲ್ಲ ಒಣಹುಲ್ಲು, ಎಂದೆ ನಾನು.

ನನ್ನ ಮಂಚದ ಹಿಂದೆ, ಎಂದಳು ಹದಿನಾರರ ಡಾಗ್ನಿಯಾ.
ಮಲಗಿದವರ ತಲೆಯ ಹಿಂದೆ ಯಾಕಮ್ಮ ಚಿತ್ತಾರ?
ಅಡುಗೆಮನೆ? ಹುಳಿಕೋಸು ಕುದಿಯುವ ಆವಿಗೆ
ಅಂಚು ಬಿಟ್ಟುಕೊಂಡು ಕೊಕ್ಕರೆಗಳು ಹಾರಿಯೇ ಹೋದಾವು.
ಒಲೆಯ ಪಕ್ಕ? ಬಿಸಿಗೆ ಅಂಟು ಬಿರಿಯುತ್ತದೆ.
ಹಜಾರ? ಸೈಕಲ್ಲಿನ ಹಿಡಿ, ಒದ್ದೆ ಕೋಟು, ನಾಯಿಯ ಬಾಲ.

ಮೂವತ್ತೊಂದು ವರ್ಷದಲ್ಲಿ ಕಲಿತದ್ದು ಇಷ್ಟು:
ಗೋಡೆ ಆರಿಸುವವರು
ಬರೇ ಗೋಡೆಯ ಮಾತಾಡುತ್ತಿರುವುದಿಲ್ಲ.
ನಾನು ಬಾಯಿ ಹಾಕುವುದಿಲ್ಲ.
ಗಂಟೆಗಿಷ್ಟು ಎಂದು ನನ್ನ ಲೆಕ್ಕ.

ಆಗ ಔಸ್ಮಾ, ಎಂಬತ್ತಾರರ ಅತ್ತೆ,
ಅಷ್ಟು ಹೊತ್ತೂ ಒಳಗಿದ್ದವಳು, ನೀರೆಳೆದು
ಪಾಯಿಖಾನೆಯ ಚಿಲಕ ತೆಗೆದು ಹೊರಬಂದು ಅಂದಳು:
ಇಲ್ಲಿ ಅಂಟಿಸಿ.
ಈ ಮನೆಯಲ್ಲಿ ನಾನು ಸುಮ್ಮನೆ ಕೂತು ಏನನ್ನಾದರೂ ನೋಡುವುದು
ಇದೊಂದೇ ಕಡೆ.

ಎಲ್ಲರೂ ನಕ್ಕರು. ನಾನು ಅಳೆದೆ.
ಉತ್ತರಕ್ಕೆ ಅಂಗೈಯಗಲ ಕಿಟಕಿ, ಬಿಸಿಲಿಲ್ಲ.
ಸ್ನಾನದ ಕೋಣೆ ಬೇರೆ, ಆವಿಯಿಲ್ಲ.
ಸುರುಳಿಗೆ ಮೂರು ಪಟ್ಟಿ, ಒಟ್ಟು ಒಂಬತ್ತು;
ಗೋಡೆಗಳು ಕೇಳಿದ್ದು ಎಂಟು.

ಹಳೆಯ ಕಾಗದ ಕೆರೆದರೆ ಅದರಡಿ ಇನ್ನೊಂದು,
ಅದರಡಿ ಹಳದಿಗಟ್ಟಿದ ಪತ್ರಿಕೆ,
ಅದರಡಿ ಹಲಗೆಯ ಮೇಲೆ ಪೆನ್ಸಿಲ್ಲಿನ ಅಕ್ಷರ:
ಅಂಟಿಸಿದವನು ಯೆಕಾಬ್ಸ್. ಕೂಲಿ ಇನ್ನೂ ಬಂದಿಲ್ಲ.
ಅದರ ಕೆಳಗೆ ನಾನು ಬರೆದೆ:
ಲೋನಿಯಾ. ಮುಂಗಡ ತೆಗೆದುಕೊಂಡಿದ್ದೇನೆ.

ನೂರು ವರ್ಷದ ಮರದ ಮನೆ, ಒಂದು ಮೂಲೆಯೂ ನೆಟ್ಟಗಿಲ್ಲ.
ತೂಗುಗುಂಡು ಒಂದು ಹೇಳಿದರೆ ಚೌಕಟ್ಟು ಇನ್ನೊಂದು.
ಕೊಕ್ಕಿಗೆ ಕೊಕ್ಕು, ಜೊಂಡಿಗೆ ಜೊಂಡು ಕೂಡಿಸುತ್ತ ಬಂದು
ಕೂಡದೆ ಉಳಿದ ಒಂದು ಬೆರಳಗಲವನ್ನು
ಬಾಗಿಲ ಹಿಂದಿನ ಮೂಲೆಯಲ್ಲಿ ಅಡಗಿಸಿದೆ.
ಔಸ್ಮಾ ಅದನ್ನು ಮೊದಲ ದಿನವೇ ಕಂಡುಹಿಡಿದಳಂತೆ.

ವಾರ ಕಳೆದು ಮೀನಿನಂಗಡಿಯಲ್ಲಿ ಸಿಕ್ಕ ವೆಲ್ತಾ ಗೊಣಗಿದಳು:
ಇಮಾಂತ್ಸ್ ಒಳಹೋದರೆ ಈಗ ಅರ್ಧ ಗಂಟೆ.
ಏನು ಮಾಡ್ತೀ ಅಂದರೆ, ಎಣಿಸ್ತಿದ್ದೇನೆ ಅನ್ನುತ್ತಾನೆ,
ನಿನ್ನೆ ನಲವತ್ತೊಂದಿತ್ತು, ಇವತ್ತು ನಲವತ್ತೇ.

ಒಂಬತ್ತನೆಯ ಪಟ್ಟಿ ನನಗೇ ಕೊಟ್ಟರು.
ಬಾಡಿಗೆಯ ಕೋಣೆ ನನ್ನದು, ನಾಲ್ಕೂ ಗೋಡೆ ಬರಿ ಸುಣ್ಣ.
ರಾತ್ರಿ ಅದನ್ನು ಬಿಚ್ಚಿ, ಕೈ ಚಾಚಿ ಹಿಡಿದು
ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತೇನೆ.
ಮಂಚದೆದುರು? ಕಿಟಕಿಯ ಬದಿ?
ಊರಿಗೆಲ್ಲ ಬುದ್ಧಿ ಹೇಳಿದವಳು.
ಎರಡು ತಿಂಗಳಾಯಿತು.

ಸದ್ಯ ಬೀರುವಿನ ಪಕ್ಕ ಸುತ್ತಿಟ್ಟಿದ್ದೇನೆ.
ಸುರುಳಿಯ ಅಂಚಿನಲ್ಲಿ ಒಂದು ಕೊಕ್ಕರೆ,
ಕತ್ತರಿಗೆ ಸಿಕ್ಕು ತಲೆ ಕಳೆದುಕೊಂಡದ್ದು,
ಒಂಟಿಕಾಲಲ್ಲಿ ಹೊರಗೆ ನಿಂತಿದೆ.