ನೆರವು: ಶೇಕಡ ಇಪ್ಪತ್ತೈದು

ಸಡ್ಬರಿಯಲ್ಲಿ ಮೈನಸ್ ಇಪ್ಪತ್ತೆಂಟು. ಬೆಳಗಿನ ಐದೂವರೆಗೆ
ಹಳದಿ ಬಸ್ಸಿನ ಗಾಜಿನಿಂದ ಮಂಜುಗಡ್ಡೆ ಕೆರೆಯುತ್ತ
ಬಾಯಿಪಾಠ ಮಾಡುತ್ತೇನೆ ಮಣಿಕಟ್ಟಿನ ಎಂಟು ಮೂಳೆ:
ದೋಣಿಯಂಥದು, ಚಂದ್ರನಂಥದು, ಬಟಾಣಿಯಷ್ಟೇ ಒಂದು...
ಏಳನೆಯದು ನಾಲಿಗೆಗೆ ಬರುವಾಗ ಮೊದಲ ಸ್ಟಾಪು.
ಎಂಟನೆಯದು ಮಕ್ಕಳ ಗಲಾಟೆಯಲ್ಲಿ ದಿನಾ ಕಳೆದುಹೋಗುತ್ತದೆ.

ನಲವತ್ತನಾಲ್ಕಕ್ಕೆ ಕಾಲೇಜು. ಪಕ್ಕದವಳಿಗೆ ಹತ್ತೊಂಬತ್ತು.
ಅವಳನ್ನು ಒಂದು ಕಾಲದಲ್ಲಿ ಶಾಲೆಗೆ ಬಿಟ್ಟವಳು ನಾನೇ.
ಹಿಂದಿನ ಸೀಟಿನಲ್ಲಿ ಕೂತು ಅಳುತ್ತಿದ್ದ ಆ ಹುಡುಗಿ
ಈಗ ನನ್ನ ಮೊಣಕೈ ಮಡಿಸಿ ಕೋನಮಾಪಕ ಇಟ್ಟು
"ಲೂಸಿಯೆನ್, ಬಿಗಿ ಹಿಡೀಬೇಡ" ಅನ್ನುತ್ತಾಳೆ.

ಮೊದಲ ವಾರದ ಮನೆಗೆಲಸ:
ಒಂದೇ ಕೈಯಲ್ಲಿ ಶೂ ಲೇಸು ಕಟ್ಟುವುದು,
ಒಂದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದು.
ಬ್ರೆಡ್ಡು ಮೇಜಿನ ತುಂಬ ಓಡಾಡಿತು.
ಗಂಡ ನಕ್ಕ. ಅವನ ಬಲಗೈಯನ್ನೂ ಬೆನ್ನಿಗೆ ಕಟ್ಟಿ ಕೂರಿಸಿದೆ.
ಆಮೇಲೆ ಅಡುಗೆಮನೆಯಲ್ಲಿ ಯಾರೂ ನಗಲಿಲ್ಲ.

ಕಲಿಸುವ ಕೊಲೆಟ್ ಹೇಳುವುದು ಒಂದೇ ಮಾತು:
ಕೈ ಕಟ್ಟಿಕೊಂಡು ನಿಲ್ಲಲು ಕಲಿ.
ಇಪ್ಪತ್ತು ವರ್ಷ ಯಾರದೋ ಮಕ್ಕಳ ಜಿಪ್ಪು ಎಳೆದವಳು,
ಸೀಟಿನಡಿ ಬಗ್ಗಿ ಒಂಟಿ ಕೈಗವಸು ಹುಡುಕಿಕೊಟ್ಟವಳು ನಾನು.
ಸುಮ್ಮನಿರುವುದಕ್ಕೆ ಇಷ್ಟು ಫೀಸೆ!
ಗುಂಡಿ ಕಾಜದ ಬಾಯಿಗೆ ಬಂದು ಜಾರುತ್ತದೆ, ಮತ್ತೆ ಬಂದು ಜಾರುತ್ತದೆ.
ನನ್ನ ಬೆರಳುಗಳು ಜೇಬಿನೊಳಗೇ ಅದನ್ನು ಹಾಕಿ ಮುಗಿಸಿವೆ.
ನಾಲ್ಕು ನಿಮಿಷ.
ಹೊರಗೆ ಹಿಮ ತೆಗೆಯುವ ಗಾಡಿ ಬೀದಿ ಮುಗಿಸಿ ತಿರುಗಿತು.
ತಡೆಯಲಾರದೆ ಮುಟ್ಟಿಬಿಟ್ಟೆ.
ಕಾಗದದಲ್ಲಿ ಬರೆಯಬೇಕು: ನೆರವು, ಶೇಕಡ ಇಪ್ಪತ್ತೈದು.
ಅವಸರ ಶೇಕಡ ಎಷ್ಟು ಎಂಬುದಕ್ಕೆ ಅಂಕಣವಿಲ್ಲ.

ಆ ಗುಂಡಿ ಆರ್ವೋ ನೀಮಿಯದು.
ಮೂವತ್ತೊಂದು ವರ್ಷ ನಿಕ್ಕಲ್ ಗಣಿಯ ತಳದಲ್ಲಿ ಬಂಡೆ ಕೊರೆದವನು.
ಪಾರ್ಶ್ವವಾಯು ಬಡಿದು ಮೂರು ವಾರ.
ಎಡಗೈ ಕೈಕೊಟ್ಟಿದೆ.
ಆ ಕಡೆ ನೋಡುವುದನ್ನೇ ಬಿಟ್ಟಿದ್ದಾನೆ,
ಮಾತು ಬಿಟ್ಟ ನೆಂಟನ ಮನೆಯತ್ತ ತಿರುಗದ ಹಾಗೆ.
ತಟ್ಟೆಯ ಎಡಬದಿಯ ಆಲೂಗಡ್ಡೆ ಹಾಗೇ ಆರುತ್ತದೆ.

ಹಸಿರು ಮೇಣ ಹಿಸುಕು ಎಂದೆ. ಹಿಸುಕಲಿಲ್ಲ.
ಗೂಟಗಳನ್ನು ತೂತಿಗೆ ಹಾಕು ಎಂದೆ.
"ನಾನೇನು ಎಳೇ ಮಗುವೇ?"
ಪಾಠದ ಸಾಲೊಂದು ನೆನಪಾಗಿ, ಸೋತ ದನಿಯಲ್ಲಿ ಕೇಳಿದೆ:
ಹಾಗಾದರೆ ನಿನಗೆ ಏನು ಮಾಡಬೇಕು ಅನ್ನಿಸುತ್ತೆ?
ಬಹಳ ಹೊತ್ತು ಗೋಡೆ ನೋಡಿದ.
"ಪಕ್ಕದ ಮಂಚದ ಪನಾಸ್ಯೂಕ್ ಇದಾನಲ್ಲ,
ಅವನನ್ನ ಇಸ್ಪೀಟಲ್ಲಿ ಸೋಲಿಸಬೇಕು."

ಎಲೆ ನಿಲ್ಲಿಸಲು ಸೀಳು ಕೊರೆದ ಮರದ ತುಂಡನ್ನು
ಬೇಕೆಂದೇ ಅವನ ಎಡಕ್ಕಿಟ್ಟೆ.
ಕತ್ತು ತಿರುಗಿಸಲೇಬೇಕು, ಆಡಬೇಕೆಂದರೆ.
ಮೊದಲ ದಿನ ಸೋತ.
ಎರಡನೆಯ ದಿನ ಸೋತು ಫಿನ್ನಿಷಿನಲ್ಲಿ ಬೈದ,
ಯಾರನ್ನೆಂದು ಗೊತ್ತಾಗಲಿಲ್ಲ.
ಗುರುವಾರ ಗೆದ್ದ. ಮತ್ತೂ ಗೆದ್ದ.
ಪನಾಸ್ಯೂಕ್ ಕಟ್ಟು ಎತ್ತಿಕೊಂಡು ಎಣಿಸಿದ. ಐವತ್ತೊಂದು.
ಎಂಜಲು ಹಚ್ಚಿ ಇನ್ನೊಮ್ಮೆ ಎಣಿಸಿದ.

ಕೆಳಗೆ ಬಿದ್ದಿರಬಹುದೆಂದು ನಾನು ಬಗ್ಗಿದೆ.
ಮೇಜಿನಡಿ, ಕಂಬಳಿಯ ಮರೆಯಲ್ಲಿ,
ಮೂರು ವಾರದಿಂದ ಯಾರ ಮಾತನ್ನೂ ಕೇಳದಿದ್ದ ಆ ಎಡಗೈ
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ
ಕಳಾವರ್ ರಾಜನನ್ನು ಹಿಡಿದುಕೊಂಡಿತ್ತು.
ಗಡಗಡ ನಡುಗುತ್ತಿತ್ತು. ಬಿಟ್ಟಿರಲಿಲ್ಲ.

"ಸಿಕ್ಕಿತಾ?" ಎಂದ ಪನಾಸ್ಯೂಕ್.
ಇಲ್ಲ, ಎಂದೆ.
ನೆಟ್ಟಗೆ ನಿಂತು ಕೈ ಕಟ್ಟಿಕೊಂಡೆ.
ಗಡಿಯಾರ ನೋಡಿದೆ. ಆರ್ವೋ ಚಾವಣಿ ನೋಡಿದ.

ಸಂಜೆ ಕೊಲೆಟ್ ಎದುರು ಕೂತು ಬರೆದೆ:
ಎಡಗೈ, ಚಿಮುಟ ಹಿಡಿತ, ಹನ್ನೊಂದು ನಿಮಿಷ.
ನೆರವು, ಸೊನ್ನೆ.
ಷರಾ ಎಂಬಲ್ಲಿ ಪೆನ್ನು ಊರಿ ಸುಮಾರು ಹೊತ್ತು ಯೋಚಿಸಿ
"ಆಟದಲ್ಲಿ ಆಸಕ್ತಿ ಇದೆ" ಎಂದಷ್ಟೇ ಸೇರಿಸಿದೆ.