ಟೋಟಲ್ ಲಾಸ್

ಸರ್ವೇಯರ್ ಕೊಡಂಚರು ಮಂಗಳೂರಿಂದ ಬಂದರು,
ಕರವಸ್ತ್ರ ಹಾಸಿ ಟಯರಿನ ಮೇಲೆ ಕೂತರು.
ತಯಾರಿಸಿದ ಕಂಪೆನಿ ಯಾವುದು ಮಾರಾಯ್ರೆ, ಬರೆಯಬೇಕು.
ಎಂತ ಹೇಳುವುದು?

ಇಂಜಿನು ಮಾರುತಿಯದ್ದು, ಕುಂದಾಪುರದ ಗುಜರಿಯಿಂದ.
ಸ್ಟಿಯರಿಂಗು ಅಪ್ಪನ ಬಾಡಿಗೆ ಅಂಬಾಸಿಡರಿನದು,
ಅಂಗೈ ಹಿಡಿದಲ್ಲೇ ಬಣ್ಣ ಹೋದದ್ದು.
ಮೈ ಮಾತ್ರ ಮಲ್ಪೆಯಲ್ಲಿ,
ದೋಣಿಗೆ ಫೈಬರ್ ಹೊದಿಸುವ ಸುಧಾಮ ಕುಂದರ್
ಬೋಟುಗಳು ದಡ ಸೇರಿದ ನಾಲ್ಕು ಮಳೆಗಾಲ
ರೆಸಿನ್ ಒಣಗಲೆಂದು ಹಗಲಲ್ಲೂ ಬಲ್ಬು ಹಚ್ಚಿಟ್ಟು
ಪದರದ ಮೇಲೆ ಪದರ ಹಾಕಿದ್ದು.
ತೆಗೆದುಕೋ, ರಸ್ತೆ ಮುಗಿದ ಮೇಲೂ ಇದು ಹೋಗುತ್ತದೆ, ಎಂದಿದ್ದ.

ರಸ್ತೆ ಮುಗಿಯಲಿಲ್ಲ.
ಸಂತೆಕಟ್ಟೆಯ ಹತ್ತಿರ
ಮೀನಿನ ಲಾರಿ ಸುರಿಸಿಹೋದ ನೀರು,
ಆಮೇಲೆ ಡಿವೈಡರು.
ನನ್ನದು ಒಂದು ಹಲ್ಲು.

ಕೊಡಂಚರು ಬಗ್ಗಿ ಸೀಳಿನೊಳಗೆ ಪೆನ್ನು ತೂರಿಸಿದರು.
ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ,
ರಿಪೇರಿಯ ಲೆಕ್ಕ ಕೂಡುವುದಿಲ್ಲ. ಟೋಟಲ್ ಲಾಸ್.
ಒಂದು ಲಕ್ಷ ನಲವತ್ತು ಸಾವಿರ.
ನಾಲ್ಕು ಮಳೆಗಾಲಕ್ಕೆ ಕಾಲಮ್ಮು ಇರಲಿಲ್ಲ.

ಗುಜರಿ ನಿಮಗೇ ಬೇಕಾದರೆ
ಹದಿನೆಂಟು ಸಾವಿರ ಕಳೆಯುತ್ತೇವೆ.

ನನ್ನದನ್ನೇ ನಾನು ಕೊಳ್ಳುವುದು.
ಚೌಕಾಶಿ ಮಾಡಿದೆ. ನಾಚಿಕೆಯಾಯಿತು, ಆದರೂ ಮಾಡಿದೆ.
ಹದಿನೈದಕ್ಕೆ ಇಳಿದರು,
ಬೊಂಡ ಕುಡಿದು ಹೋದರು.

ಸಂಜೆ ಸುಧಾಮ ಬಂದ. ನನ್ನ ಹಲ್ಲಿನ ಬಗ್ಗೆಯೂ ಕೇಳಲಿಲ್ಲ.
ಹಲಸು ಬಲಿತಿದೆಯೋ ನೋಡುವವನ ಹಾಗೆ
ಒಡೆದ ಮೂತಿಯಿಂದ ಶುರುಮಾಡಿ
ಬೆರಳ ಗಂಟಿನಲ್ಲಿ ತಟ್ಟುತ್ತ ಹಿಂದೆ ಹಿಂದೆ ನಡೆದ.
ಟೊಳ್ಳು. ಟೊಳ್ಳು. ಬಾಗಿಲ ಸಂದಿಯ ಹತ್ತಿರ
ಸದ್ದು ಬದಲಾಯಿತು.
ಕಿವಿಯ ಮೇಲಿಟ್ಟ ಪೆನ್ಸಿಲು ತೆಗೆದು ಗೆರೆ ಎಳೆದ:

ಇಲ್ಲಿಂದ ಹಿಂದೆ ಎಲ್ಲ ಉಂಟು.